ಗಂಜಿ ಹಚ್ಚಿದ ಹಾಳೆ

“ಅಜ್ಜಾರೇ, ಮಕ್ಕಳಿಗೆ ಕತೆ ಓದಿ ಹೇಳುವಾಗ ಹೆದರಿಕೆಯ ಭಾಗ ಬಿಟ್ಟು ಓದಿದರೆ ತಪ್ಪೇ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಮುರಿಗೆಪ್ಪ. ಮಠದ ಪ್ರಸಾದ ನಿಲಯಕ್ಕೆ ಆ ವರ್ಷ ಇಪ್ಪತ್ತು ಚಿಕ್ಕ ಮಕ್ಕಳು ಹೊಸದಾಗಿ ಬಂದಿದ್ದರು. ಮರುದಿನದಿಂದ ಅವರಿಗೆ ದಿನಕ್ಕೊಂದು ಕತೆ ಓದುವ ಕೆಲಸ ಅವನ ಪಾಲಿಗೆ ಬಂದಿತ್ತು. ಮೂರು ದಿನ ಕೂತು ತಯಾರಿ ಮಾಡಿದ್ದ. ಯಾವ ಕತೆ, ಎಷ್ಟು ಹೊತ್ತು, ಯಾರು ಎಲ್ಲಿ ಕೂರಬೇಕು, ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಕು, ಎಲ್ಲವೂ ಚೀಟಿಯಲ್ಲಿತ್ತು. ಪುಸ್ತಕದಲ್ಲಿ ತೋಳ ಬರುವ ಎರಡು ಹಾಳೆಗಳನ್ನು ಸೇರಿಸಿ ಗುಂಡುಸೂಜಿ ಚುಚ್ಚಿದ್ದ.

ಗುರುಗಳು ಚೀಟಿ ಓದಿದರು. ಪುಸ್ತಕ ತಿರುವಿದರು. ಸೂಜಿಯ ಮೇಲೆ ಹೆಬ್ಬೆರಳಾಡಿಸಿದರು.

“ಯಾರಿಗಪ್ಪಾ ಹೆದರಿಕೆ?” ಎಂದರು.

“ಮಕ್ಕಳಿಗೆ. ತಂದೆತಾಯಿಯನ್ನು ಬಿಟ್ಟು ಬಂದ ಕೂಸುಗಳು. ತೋಳದ ಮಾತು ಕೇಳಿದರೆ ನಿದ್ದೆಯಲ್ಲಿ ಬೆಚ್ಚಿ ಬೀಳುತ್ತವೆ.”

“ಕೂತುಕೋ. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ,” ಎಂದು ಗುರುಗಳು ಹೇಳತೊಡಗಿದರು.

ಒಂದು ನೇಕಾರರ ಓಣಿ. ಓಣಿಯ ಈ ತುದಿಗೆ ಗುಡಿ, ಆ ತುದಿಗೆ ಹೊಂಡ. ಕಲ್ಲಿನ ಮೆಟ್ಟಿಲು ಕಟ್ಟಿದ ಹಳೆಯ ಹೊಂಡ. ನೇಯ್ದ ಬಟ್ಟೆಯ ಗಂಜಿ ಬಿಡಿಸಬೇಕಾದರೆ ಹೆಂಗಸರು ಅಲ್ಲಿಗೇ ಹೋಗಬೇಕು. ಮನೆಯ ನೀರಲ್ಲಿ ಗಂಜಿ ಬಿಡಿಸಿದರೆ ಅತ್ತೆಯಂದಿರು ಸುಮ್ಮನಿರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ನೇಕಾರನ ಏಳು ವರ್ಷದ ಮಗ ಆ ಹೊಂಡಕ್ಕೆ ಬಿದ್ದು ಸತ್ತಿದ್ದ. ಅವನಿಗೊಬ್ಬಳು ತಂಗಿ. ಹೆಸರು ಚಂಪಾ, ಎಲ್ಲರ ಬಾಯಲ್ಲಿ ಚಂಪಿ. ಆಗ ಅವಳಿಗೆ ಮೂರು ವರ್ಷ. ಅಣ್ಣ ಎಲ್ಲಿ ಎಂದು ಕೇಳಿತು ಮಗು. ಮಾವನ ಊರಿಗೆ ಹೋಗಿದ್ದಾನೆ ಎಂದಳು ತಾಯಿ. ಆ ಗಳಿಗೆಗೆ ಬಾಯಿಗೆ ಬಂದ ಮಾತು ಅದು. ಬಂದ ಮಾತು ಮತ್ತೆ ಹೋಗಲಿಲ್ಲ. ಓಣಿಯೂ ಅದನ್ನೇ ಹೇಳಿತು. ಒಂದು ಸುಳ್ಳನ್ನು ನಲವತ್ತು ಮನೆ ಸೇರಿ ಸಾಕಿದರೆ ಅದು ಕೊಬ್ಬದೆ ಇರುತ್ತದೆಯೇ? ಚಂಪಿಯ ಎದುರು ಯಾರೂ ಹೊಂಡ ಎಂಬ ಮಾತನ್ನೇ ಆಡುತ್ತಿರಲಿಲ್ಲ. ‘ಆ ಕಡೆ’ ಎನ್ನುತ್ತಿದ್ದರು. ಆ ಕಡೆ ಹೋಗಬೇಡ. ಅವ್ವ ಆ ಕಡೆ ಹೋಗಿದ್ದಾಳೆ, ಈಗ ಬರುತ್ತಾಳೆ.

ಅದೇ ಓಣಿಯಲ್ಲಿ ಅಂಬಕ್ಕ ಎಂಬಾಕೆ ಇದ್ದಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಓದಲು ಚೆನ್ನಾಗಿ ಬರುತ್ತಿತ್ತು. ವಾರಕ್ಕೊಂದು ಬೆಳಿಗ್ಗೆ ಓಣಿಯಲ್ಲಿ ನೂಲಿಗೆ ಗಂಜಿ ಹಚ್ಚುವ ಕೆಲಸ. ಮಗ್ಗಕ್ಕೆ ಏರಿಸುವ ಉದ್ದನೆಯ ನೂಲನ್ನು ಓಣಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಬೇಕು. ಗಂಡಸು ಹೆಂಗಸೆನ್ನದೆ ಎಲ್ಲರ ಕೈಯೂ ಮೊಣಕೈವರೆಗೆ ಗಂಜಿ. ಒಮ್ಮೆ ಹಚ್ಚಿದರೆ ಒಣಗುವ ತನಕ ಬಿಡುವಂತಿಲ್ಲ. ಬಿಟ್ಟರೆ ಎಳೆಗೆ ಎಳೆ ಅಂಟಿ ನೂಲೆಲ್ಲ ಹಾಳು. ಆ ಹೊತ್ತಿನಲ್ಲಿ ಮಕ್ಕಳ ಕಡೆ ನೋಡುವವರು ಯಾರೂ ಇಲ್ಲ. ಚಂಪಿಯ ಅಣ್ಣ ಹೊಂಡಕ್ಕೆ ಹೋದದ್ದೂ ಅಂಥ ಒಂದು ಬೆಳಿಗ್ಗೆಯೇ. ಅದಾದ ಮೇಲೆ ಅಂಬಕ್ಕ ಗಂಜಿಯ ದಿನ ಚಿಕ್ಕ ಮಕ್ಕಳನ್ನೆಲ್ಲ ತನ್ನ ಪಡಸಾಲೆಯಲ್ಲಿ ಕೂಡಿಸಿ ಕತೆ ಓದತೊಡಗಿದಳು. ಹನ್ನೊಂದು ಮಕ್ಕಳು. ಐದು ವರ್ಷದ ಚಂಪಿ ಎಲ್ಲರಿಗಿಂತ ಮುಂದೆ.

ಮುರಿಗೆಪ್ಪಾ, ನೀನು ಚೀಟಿ ಬರೆದದ್ದು ಮಕ್ಕಳು ಗಲಾಟೆ ಮಾಡಿದರೆ ಏನು ಗತಿ ಎಂದು. ಅಂಬಕ್ಕನ ಹೆದರಿಕೆ ಬೇರೆ. ಒಂದು ಮಗು ಬೇಸರಪಟ್ಟು ಎದ್ದು ಹೋದರೆ ಅದು ಎತ್ತ ಹೋಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ವಾರದಲ್ಲಿ ಆರು ದಿನ ಅವಳು ಆ ಒಂದು ಬೆಳಿಗ್ಗೆಯ ಚಿಂತೆಯಲ್ಲೇ ಕಳೆಯುತ್ತಿದ್ದಳು. ಚಿಕ್ಕವರ ಗಮನ ಎರಡು ಲಾಳಿಯ ನೂಲು ತೀರುವಷ್ಟು ಹೊತ್ತು ಮಾತ್ರ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ್ದಳು. ಅಷ್ಟರಲ್ಲಿ ಒಂದು ಕತೆ ಮುಗಿಯಬೇಕು, ಒಂದು ಹಾಡು ಬರಬೇಕು, ಮತ್ತೊಂದು ಕತೆ ಶುರುವಾಗಬೇಕು. ಚಾಪೆಯನ್ನು ಗೋಡೆಯ ಮೂಲೆಗೆ ಹಾಸುತ್ತಿದ್ದಳು. ಬಾಗಿಲ ಕಡೆ ಮಕ್ಕಳ ಬೆನ್ನು, ತನ್ನ ಮುಖ. ಪುಸ್ತಕವನ್ನು ಎದೆಯ ಮುಂದೆ ಹಿಡಿಯದೆ ಕೆನ್ನೆಯ ಪಕ್ಕಕ್ಕೆ ಹಿಡಿಯುತ್ತಿದ್ದಳು, ಚಿತ್ರವೂ ಕಾಣಬೇಕು, ಹನ್ನೊಂದು ತಲೆಯೂ ಕಾಣಬೇಕು. ಓದಲು ಶುರು ಮಾಡುವ ಮುನ್ನ “ಕಿವಿ ಎಲ್ಲಿ?” ಎಂದು ಕೇಳುತ್ತಿದ್ದಳು. ಮಕ್ಕಳು ಎರಡೂ ಕೈಯಿಂದ ತಮ್ಮ ಕಿವಿ ಹಿಡಿದುಕೊಂಡು “ಇಲ್ಲಿ” ಎನ್ನುತ್ತಿದ್ದವು. ಕಿವಿ ಹಿಡಿದ ಮಗು ಅಲುಗಾಡುವುದಿಲ್ಲ. ಅದನ್ನು ಅವಳು ಕಂಡುಕೊಂಡಿದ್ದಳು. ಪ್ರತಿ ಪುಸ್ತಕವನ್ನೂ ಖಾಲಿ ಪಡಸಾಲೆಯಲ್ಲಿ ಗಟ್ಟಿಯಾಗಿ ಒಂಬತ್ತು ಸಲ ಓದುತ್ತಿದ್ದಳು. ಒಂಬತ್ತನೆಯ ಸಲ ಪುಸ್ತಕ ನೋಡುತ್ತಿರಲಿಲ್ಲ.

ಒಂದು ಸಲ ಪೇಟೆಗೆ ಹೋದ ನೇಕಾರನೊಬ್ಬ ಬಣ್ಣದ ಚಿತ್ರಗಳ ಹೊಸ ಪುಸ್ತಕ ತಂದ. ತಂದವನು ನೆಟ್ಟಗೆ ಅಂಬಕ್ಕನಿಗೆ ಕೊಡಬೇಕೋ ಬೇಡವೋ? ದಾರಿಯಲ್ಲೇ ಎಲ್ಲ ಮಕ್ಕಳಿಗೂ ಮೇಲಿನ ಚಿತ್ರ ತೋರಿಸಿಕೊಂಡು ಬಂದ. ಕರಿ ಬಣ್ಣದ ಒಂದು ಆಡಿನ ಮರಿ, ಅದಕ್ಕೆ ಒಂದೇ ಕಿವಿ ಬಿಳಿ. ಆ ಸಂಜೆಯಿಂದ ಓಣಿಯಲ್ಲಿ ಮರಿಯದೇ ಮಾತು.

ಅಂಬಕ್ಕ ಪುಸ್ತಕ ತೆರೆದಳು. ಮರಿ ಹಳದಿ ಪಾತರಗಿತ್ತಿಯ ಬೆನ್ನು ಹತ್ತಿ ಮನೆ ಬಿಟ್ಟಿತು. ಮುಂದಿನ ಹಾಳೆ. ಮರಿ ಒಂದು ಹೊಂಡದ ದಂಡೆಗೆ ಬಂತು. ಮುಂದಿನ ಹಾಳೆ. ಕಾಲು ಜಾರಿತು. ನೀರು ಮರಿಯ ಕುತ್ತಿಗೆಗೆ ಬಂದಿತ್ತು. ದಂಡೆಯಲ್ಲಿ ತಾಯಿ ಆಡು ಕೂಗುತ್ತಿತ್ತು.

ಅಂಬಕ್ಕ ಪುಸ್ತಕ ಮುಚ್ಚಿದಳು. ಮತ್ತೆ ತೆರೆದು ಮುಂದೆ ನೋಡಿದಳು. ನೀರಲ್ಲಿ ಮಲಗಿದ್ದ ಎಮ್ಮೆಯೊಂದು ಮರಿಯ ಹೊಟ್ಟೆಯಡಿ ಬಂದು ಬೆನ್ನ ಮೇಲೆ ಎತ್ತಿಕೊಂಡಿತ್ತು. ಕೊನೆಯ ಹಾಳೆಯಲ್ಲಿ ಮರಿ ಮನೆಯ ಬಾಗಿಲಲ್ಲಿ ನಿಂತಿತ್ತು, ತಾಯಿ ಅದರ ಮೈ ನೆಕ್ಕುತ್ತಿತ್ತು. ಕತೆ ಸುಖವಾಗಿಯೇ ಮುಗಿಯುತ್ತದೆ. ಆದರೆ ನಡುವೆ ಹೊಂಡ ಇದೆಯಲ್ಲ!

ಅಷ್ಟರಲ್ಲಿ ಚಂಪಿಯ ತಾಯಿ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

“ಅಂಬಕ್ಕ, ಹೊಸ ಪುಸ್ತಕದಾಗ ನೀರು ಗೀರು ಇಲ್ಲ ಅಲ್ಲ?”

“ಇಲ್ಲ ತಗೀ,” ಎಂದಳು ಅಂಬಕ್ಕ.

ಹೇಳಿ ಆಗಿಹೋಯಿತು. ಪುಸ್ತಕ ಓದದೆ ಇರುವಂತಿಲ್ಲ, ಮಕ್ಕಳು ಬಿಡುವುದಿಲ್ಲ. ಹಾಳೆ ಹಾರಿಸಿ ಓದುವಂತಿಲ್ಲ, ಓದಾದ ಮೇಲೆ ಪುಸ್ತಕ ಮಕ್ಕಳ ಕೈಗೆ ಕೊಡುವುದು ಅವಳೇ ಮಾಡಿದ ರೂಢಿ. ಹರಿಯಲು ಮನಸ್ಸಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೂಲೆಯಲ್ಲಿ ಗಂಜಿಯ ಬೋಗುಣಿ ಇತ್ತು. ಪದ್ಧತಿಯಂತೆ ಒಂಬತ್ತು ಸಲ ಪೂರ್ತಿ ಓದಿದಳು, ಆಮೇಲೆ ನೀರಿನ ಚಿತ್ರಗಳಿರುವ ಮೂರು ಹಾಳೆಗಳಿಗೆ ಬೆರಳಿಂದ ಗಂಜಿ ಹಚ್ಚಿ ಒಂದಕ್ಕೊಂದು ಅಂಟಿಸಿದಳು. ರುಬ್ಬುಗುಂಡು ಹೇರಿಟ್ಟಳು. ಬೆಳಿಗ್ಗೆ ಮೂರು ಹಾಳೆ ಒಂದೇ ದಪ್ಪ ಹಾಳೆಯಾಗಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಎಂದರೆ ಇದೇ.

ಗಂಜಿಯ ದಿನ ಬಂತು. ಅಂಬಕ್ಕ ಓದಿದಳು. ಮರಿ ಪಾತರಗಿತ್ತಿಯ ಹಿಂದೆ ಹೋಯಿತು, ಆಟವಾಡಿತು, ಮನೆಗೆ ಬಂತು. ಮಕ್ಕಳು ನಕ್ಕವು. ಚಂಪಿ ನಗಲಿಲ್ಲ. ಕೊನೆಯ ಚಿತ್ರದ ಹತ್ತಿರ ಮೂಗು ತಂದು ನೋಡಿದಳು. ಮರಿಯ ಹೊಟ್ಟೆಯ ಕೂದಲಿನಿಂದ ಹನಿ ಬೀಳುತ್ತಿದ್ದವು. ಕಾಲಡಿಯ ನೆಲ ಒದ್ದೆಯಾಗಿತ್ತು.

“ಅಂಬಕ್ಕ, ಮರಿ ಯಾಕ ತೊಯ್ದೈತಿ?”

“ಮಳಿ ಬಂದಿತ್ತವ್ವ.”

“ಬಿಸಲು ಬಿದ್ದೈತಲ್ಲ.”

ಹೌದು. ಚಿತ್ರದಲ್ಲಿ ಬಿಸಿಲಿತ್ತು. ಅಂಬಕ್ಕ ಎಲ್ಲವನ್ನೂ ಯೋಚಿಸಿದ್ದಳು, ಒಂದು ಒದ್ದೆ ಮರಿಯನ್ನು ಯೋಚಿಸಿರಲಿಲ್ಲ. ಬೇಗ ಬೇಗ ಹಾಡು ಹೇಳಿಕೊಟ್ಟಳು. ಹಾಡು ಮುಗಿದ ಮೇಲೆ ಪುಸ್ತಕ ಮಕ್ಕಳ ಕೈಗೆ ಹೋಯಿತು. ದಪ್ಪ ಹಾಳೆ ಅವರ ಬೆರಳಿಗೆ ಸಿಕ್ಕಿತು.

ಅಲ್ಲಿಂದ ಹೆದರಿಕೆ ಓಣಿಯ ಮಕ್ಕಳನ್ನು ಹಿಡಿಯಿತು. ಅದರೊಳಗೆ ದೆವ್ವ ಇದೆ ಎಂದಿತು ಒಂದು ಮಗು. ಅದನ್ನು ತೆರೆದವರ ಕಣ್ಣೂ ಹಾಗೇ ಅಂಟಿಕೊಳ್ಳುತ್ತದೆ ಎಂದಿತು ಇನ್ನೊಂದು. ಮರಿ ನಿಜವಾಗಿ ಸತ್ತಿದೆ, ಕೊನೆಗೆ ಬರುವುದು ಬೇರೆ ಮರಿ ಎಂದಿತು ಮತ್ತೊಂದು. ಚಿತ್ರದ ನೀರು ಒಂದು ಗೇಣು ಆಳ ಇದ್ದೀತು. ಅಂಟಿಸಿದ ಹಾಳೆಯ ಆಳಕ್ಕೆ ಅಳತೆಯೇ ಇರಲಿಲ್ಲ. ಅಂಬಕ್ಕ ಪುಸ್ತಕವನ್ನು ಗೋಡೆಯ ಎತ್ತರದ ಗೂಡಿನಲ್ಲಿಟ್ಟಳು. ಇಡಬಾರದಿತ್ತು. ಅವಳು ಏನು ಓದಿದರೂ ಮಕ್ಕಳ ಕಣ್ಣು ಗೂಡಿನ ಕಡೆಗೇ ತಿರುಗತೊಡಗಿತು. ಅವಳೂ ಬಾಯಲ್ಲಿ ಒಂದು ಓದುತ್ತ ಮನಸ್ಸಿನಲ್ಲಿ ಆ ಹಾಳೆಯನ್ನೇ ನೋಡುತ್ತಿದ್ದಳು. ಎಲ್ಲ ಹೇಳಿಬಿಡಲೇ ಎನಿಸುತ್ತಿತ್ತು. ಚಂಪಿಯ ತಾಯಿಯ ಮುಖ ನೆನಪಾಗಿ ಸುಮ್ಮನಾಗುತ್ತಿದ್ದಳು.

ಚಂಪಿ ಏನೂ ಕೇಳಲಿಲ್ಲ. ಅದು ಅಂಬಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದಿತು. ಕೇಳುವ ಮಗುವಿಗೆ ಏನಾದರೂ ಹೇಳಬಹುದು. ಕೇಳುವುದನ್ನು ಬಿಟ್ಟ ಮಗುವಿನ ತಲೆಯಲ್ಲಿ ಏನು ನಡೆದಿದೆ ಎಂದು ಯಾರಿಗೆ ಗೊತ್ತು?

ನಾಲ್ಕನೆಯ ವಾರ. ಅವತ್ತು ಎರಡು ಪಟ್ಟು ನೂಲು ಬಿಗಿದಿದ್ದರು, ಇಡೀ ಓಣಿ ಗಂಜಿಯಲ್ಲಿ ಮುಳುಗಿತ್ತು. ಅಂಬಕ್ಕ ಒಂದು ಕತೆ ಓದಿ ಹಾಡಿಗೆ ಮಕ್ಕಳನ್ನು ಎಬ್ಬಿಸಿದಳು. ಕೈ ಹಿಡಿದು ಸುತ್ತು ಬರುವ ಹಾಡು. ಸುತ್ತು ಮುಗಿಯಿತು. ಕೂರಿಸಿ ತಲೆ ಎಣಿಸಿದಳು. ಹತ್ತು. ಮತ್ತೆ ಎಣಿಸಿದಳು. ಹತ್ತೇ. ಗೂಡಿನ ಕೆಳಗೆ ಕಾಳಿನ ಡಬ್ಬಿ ಬೋರಲಾಗಿತ್ತು. ಗೂಡು ಖಾಲಿ.

ಆಗ ಅಂಬಕ್ಕನಿಗೆ ಹೊಳೆಯಿತು, ಮುರಿಗೆಪ್ಪಾ, ತಾನು ಮಾಡಿದ್ದು ಏನೆಂದು. ಎಂಥ ಜಾಣೆ! ನೇಕಾರರ ಓಣಿಯಲ್ಲಿ ಗಂಜಿಯ ಬೀಗ ಹಾಕಿದ್ದಳು. ಗಂಜಿ ನೀರಿಗೆ ಬಿಡುತ್ತದೆ ಎಂಬುದು ಆ ಓಣಿಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಬಿರುಸು ಬಟ್ಟೆ ಹೊತ್ತು ಅವ್ವಂದಿರು ಎತ್ತ ಹೋಗುತ್ತಾರೆ, ಮೆತ್ತಗಾದ ಬಟ್ಟೆ ಹೊತ್ತು ಎತ್ತಣಿಂದ ಬರುತ್ತಾರೆ ಎಂಬುದೂ ಗೊತ್ತು. ಆ ಕಡೆ.

ಹತ್ತು ಮಕ್ಕಳನ್ನು ಪಕ್ಕದ ಮನೆಯ ಮುದುಕಿಗೆ ಒಪ್ಪಿಸಿ ಓಡಿದಳು. ಬಿಗಿದ ನೂಲಿನ ಪಕ್ಕದಲ್ಲೇ ಓಡಿದಳು. ಅವಳು ಓಡುವ ದಿಕ್ಕು ನೋಡಿಯೇ ಓಣಿಗೆ ತಿಳಿಯಿತು. ಒಂದು ಕುಂಚ ಕೆಳಗೆ ಬಿತ್ತು. ಆಮೇಲೆ ಎಲ್ಲವೂ ಬಿದ್ದವು.

ಹೊಂಡಕ್ಕೆ ಮೊದಲು ಮುಟ್ಟಿದವಳು ಅಂಬಕ್ಕ. ಮೇಲಿನ ಮೆಟ್ಟಿಲಿನಿಂದ ಕೆಳಗೆ ನೋಡಿದಳು. ನೀರೊಳಗಿನ ಮೊದಲ ಮೆಟ್ಟಿಲ ಮೇಲೆ ಚಂಪಿ ಕೂತಿದ್ದಳು. ನೀರು ಅವಳ ಸೊಂಟಕ್ಕಿತ್ತು. ತೊಡೆಯ ಮೇಲೆ ಪುಸ್ತಕ, ಅದೂ ನೀರಲ್ಲಿ. ಅವ್ವ ಬಟ್ಟೆ ಉಜ್ಜುವ ಹಾಗೆ ಎರಡು ಹೆಬ್ಬೆರಳಿಂದ ಆ ಹಾಳೆಯನ್ನು ಮೆಲ್ಲಗೆ ಉಜ್ಜುತ್ತಿದ್ದಳು. ಅವಳು ಕೂತಲ್ಲಿಂದ ಕೆಳಗಿನ ಮೆಟ್ಟಿಲು ಪಾಚಿ ಕಟ್ಟಿತ್ತು. ಅದರ ಕೆಳಗೆ ಮೆಟ್ಟಿಲು ಕಾಣುತ್ತಿರಲಿಲ್ಲ.

ಹೆಸರು ಹಿಡಿದು ಕೂಗಿದರೆ ಮಗು ಬೆಚ್ಚಿ ಏಳುತ್ತದೆ. ಎದ್ದರೆ ಜಾರುತ್ತದೆ. ನಡುವೆ ಒಂಬತ್ತು ಮೆಟ್ಟಿಲು. ಅಂಬಕ್ಕ ಹಿಂದೆ ಓಡಿ ಬರುತ್ತಿದ್ದವರಿಗೆ ಕೈ ಚಾಚಿ ನಿಲ್ಲಿರಿ ಎಂದು ಸನ್ನೆ ಮಾಡಿದಳು. ಚಂಪಿಯ ತಾಯಿಯನ್ನು ಇಬ್ಬರು ಹಿಡಿದುಕೊಂಡರು, ಒಬ್ಬಳು ಅವಳ ಬಾಯಿಗೆ ಸೆರಗು ಒತ್ತಿದಳು.

ಅಂಬಕ್ಕ ಮೇಲಿನ ಮೆಟ್ಟಿಲ ಮೇಲೆ ಕೂತಳು. ಪಡಸಾಲೆಯಲ್ಲಿ ಹೇಳುವ ದನಿಯಲ್ಲೇ ಹೇಳಿದಳು.

“ಕಿವಿ ಎಲ್ಲಿ?”

ಚಂಪಿಯ ಕೈಗಳು ತಾವಾಗಿಯೇ ಮೇಲೆ ಹೋದವು. ಕಿವಿ ಹಿಡಿದುಕೊಂಡಳು. “ಇಲ್ಲಿ,” ಎಂದಳು. ತಿರುಗಲಿಲ್ಲ.

ಅಂಬಕ್ಕ ಕತೆ ಶುರು ಮಾಡಿದಳು. ಒಂದು ಕರಿ ಮರಿ ಇತ್ತು, ಅದಕ್ಕೆ ಒಂದೇ ಕಿವಿ ಬಿಳಿ. ಕೂತಲ್ಲಿಂದಲೇ ಒಂದು ಮೆಟ್ಟಿಲು ಕೆಳಗೆ ಜರುಗಿದಳು. ಹಳದಿ ಪಾತರಗಿತ್ತಿ ಬಂತು. ಇನ್ನೊಂದು ಮೆಟ್ಟಿಲು. ಮರಿ ಅದರ ಬೆನ್ನು ಹತ್ತಿತು. ಇನ್ನೊಂದು. ಮರಿ ಹೊಂಡದ ದಂಡೆಗೆ ಬಂತು. ಎರಡು ವರ್ಷದಲ್ಲಿ ಆ ಮಗುವಿನ ಎದುರು ಹೊಂಡ ಎಂಬ ಮಾತನ್ನು ಯಾರಾದರೂ ಆಡಿದ್ದು ಅದೇ ಮೊದಲು.

ಆಗ ಚಂಪಿಯ ತೊಡೆಯಿಂದ ಪುಸ್ತಕ ಜಾರಿತು. ಪಾಚಿ ಮೆಟ್ಟಿಲ ಮೇಲೆ ಹೋಗಿ ನಿಂತಿತು. ಮಗು ಕಿವಿ ಬಿಟ್ಟು ಅದರ ಕಡೆ ಬಾಗಿತು.

ಅಂಬಕ್ಕ ಹಾರಿದರೂ ಮುಟ್ಟಲಾರಳು. ಅವಳ ಬಳಿ ಇದ್ದದ್ದು ಒಂದೇ, ಅಂಟಿಸಿದ ಹಾಳೆ. ಅದನ್ನೇ ಓದಿದಳು.

“ಮರಿಯ ಕಾಲು ಜಾರಿತು. ನೀರಾಗ ಬಿತ್ತು.”

ಚಂಪಿ ಬಾಗಿದಲ್ಲೇ ನಿಂತಳು. ಮೆಲ್ಲಗೆ ನೆಟ್ಟಗಾದಳು. ತಿರುಗಿ ಅಂಬಕ್ಕನ ಮುಖ ನೋಡಿದಳು.

“ಆಮ್ಯಾಲೆ?”

ಅಂಬಕ್ಕ ಮುಚ್ಚಿಡಲಿಲ್ಲ. ನೀರು ಹೊಟ್ಟೆಗೆ ಬಂತು, ಕುತ್ತಿಗೆಗೆ ಬಂತು, ಮರಿಗೆ ಬಹಳ ಹೆದರಿಕೆಯಾಯಿತು, ದಂಡೆಯಲ್ಲಿ ಅದರ ಅವ್ವ ಕೂಗುತ್ತಿತ್ತು. ಒಂದೊಂದು ಮಾತಿಗೆ ಒಂದೊಂದು ಮೆಟ್ಟಿಲು. ಎಮ್ಮೆ ಬಂತು ಎನ್ನುವ ಹೊತ್ತಿಗೆ ಅವಳ ಕಾಲು ನೀರಲ್ಲಿತ್ತು. ಎತ್ತಿಕೊಂಡಿತು ಎನ್ನುವ ಹೊತ್ತಿಗೆ ಮಗು ಅವಳ ತೋಳಲ್ಲಿತ್ತು. ಅಂಬಕ್ಕ ಗೋಳೋ ಎಂದು ಅತ್ತಳು. ಚಂಪಿ ಅಳಲಿಲ್ಲ. ಅವಳಿಗೆ ಕೇಳುವುದು ಇನ್ನೂ ಉಳಿದಿತ್ತು.

ತಾಯಿ ಇಳಿದು ಬಂದಳು. ಮೊಣಕೈವರೆಗೆ ಗಂಜಿ ಒಣಗಿ ಬಿಳಿಯಾಗಿತ್ತು. ಚಂಪಿ ಅವಳನ್ನೇ ಕೇಳಿದಳು.

“ಅಣ್ಣನೂ ತೊಯ್ದಿದ್ದ. ಅವನ್ನ ಯಾಕ ಎಮ್ಮಿ ಎತ್ತಲಿಲ್ಲ?”

ಮೆಟ್ಟಿಲ ಮೇಲೆ ನಿಂತ ನಲವತ್ತು ಮನೆಯವರು ನೆಲ ನೋಡಿದರು. ಮೂರು ವರ್ಷದ ಕೂಸಿಗೆ ಏನು ತಿಳಿಯುತ್ತದೆ ಎಂದು ಅವರು ತಿಳಿದಿದ್ದರು. ಅಣ್ಣನನ್ನು ಮನೆಗೆ ತಂದಾಗ ಅವನ ಕೂದಲಿನಿಂದ ಹನಿ ಬೀಳುತ್ತಿದ್ದುದನ್ನು ಕೂಸು ನೋಡಿತ್ತು. ಎರಡು ವರ್ಷ ಅದನ್ನು ಒಂಟಿಯಾಗಿ ಹೊತ್ತುಕೊಂಡಿತ್ತು.

ತಾಯಿ ಮಗಳನ್ನು ಎತ್ತಿಕೊಂಡಳು.

“ಅವತ್ತ ಯಾರೂ ಇರಲಿಲ್ಲವ್ವ,” ಎಂದಳು. “ನಾನೂ ಇರಲಿಲ್ಲ.”

ಅಷ್ಟು ಹೇಳಿ ಅವಳು ಅತ್ತಳು. ಮಗ ಸತ್ತ ದಿನ ಅತ್ತಿದ್ದಳು, ಆಮೇಲೆ ಮಗಳಿಗೆ ಕೇಳೀತೆಂದು ಎರಡು ವರ್ಷ ನುಂಗಿಕೊಂಡಿದ್ದಳು. ಈಗ ಮಗಳ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಆಗ ಚಂಪಿಯೂ ಅತ್ತಳು. ಓಣಿಯಲ್ಲಿ ನೂಲು ಒಣಗಿ ಎಳೆಗೆ ಎಳೆ ಅಂಟಿ ಹಾಳಾಯಿತು. ಅದರ ಮಾತನ್ನು ಅವತ್ತು ಯಾರೂ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಕೈಯಲ್ಲಿದ್ದ ಚೀಟಿಯನ್ನು ಮಡಿಸುತ್ತಾ ಕೂತಿದ್ದ. ತಲೆ ಎತ್ತಿದ.

“ಆದರೂ ಅಜ್ಜಾರೇ, ಚಿಕ್ಕ ಮಕ್ಕಳು. ತೋಳದ ಹಾಳೆ ಓದಿದರೆ ಹೆದರುವುದಿಲ್ಲವೇ?”

ಗುರುಗಳು ಪುಸ್ತಕವನ್ನು ಸೂಜಿ ಚುಚ್ಚಿದ ಹಾಗೆಯೇ ಅವನ ತೊಡೆಯ ಮೇಲಿಟ್ಟರು.

“ಹೆದರುತ್ತವೆ. ಆದರೆ ಆ ಹಾಳೆಯನ್ನು ಮಕ್ಕಳು ಹೇಗೂ ತೆರೆಯುತ್ತವೆ ಮುರಿಗೆಪ್ಪಾ. ನಿನ್ನ ಪಕ್ಕದಲ್ಲಿ ಕೂತು ಹೆದರಬೇಕೋ ಹೊಂಡದ ಮೆಟ್ಟಿಲ ಮೇಲೆ ಒಂಟಿಯಾಗಿ ಹೆದರಬೇಕೋ, ಅಷ್ಟು ಹೇಳು.”

ಮುರಿಗೆಪ್ಪ ಗುಂಡುಸೂಜಿ ಎಳೆದು ತೆಗೆದ.